ಹಿಮಗಟ್ಟಿದ ಹಾದಿಯ ಭಯ

ಚಳಿ ದೇಶಗಳಲ್ಲಿ ರಸ್ತೆ, ಫುಟ್‌ಪಾತ್, ಮೆಟ್ಟಿಲುಗಳ ಮೇಲೆ ನೀರು ಹೆಪ್ಪುಗಟ್ಟಿದಾಗ ನಡೆಯುವುದಕ್ಕೂ ವಾಹನ ಓಡಿಸುವುದಕ್ಕೂ ಹುಟ್ಟುವ ಆತಂಕ. ಕೆನಡ, ಅಮೆರಿಕದ ಉತ್ತರದ ರಾಜ್ಯಗಳು, ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಲಕ್ಷಾಂತರ ಜನ ಇದನ್ನು ಅನುಭವಿಸುತ್ತಾರೆ. ವಯಸ್ಸಾದವರು, ಒಮ್ಮೆ ಬಿದ್ದು ಮೂಳೆ ಮುರಿದುಕೊಂಡವರು, ಗಾಡಿ ಜಾರಿ ಅಪಘಾತ ಕಂಡವರು, ಬೆಚ್ಚನೆಯ ಊರುಗಳಿಂದ ಹೊಸದಾಗಿ ಬಂದವರು ಇದಕ್ಕೆ ಹೆಚ್ಚು ಸಿಲುಕುತ್ತಾರೆ.

ಈ ಭಯ ತಾನಾಗಿಯೇ ಒಂದು ಕಾಯಿಲೆಯಲ್ಲ, ಅದಕ್ಕೆ ಆಧಾರವಿದೆ. ಹಿಮ, ಕೆಸರುಹಿಮ, ಮಂಜುಗಡ್ಡೆ ಕವಿದ ರಸ್ತೆಗಳಲ್ಲಿ ಅಮೆರಿಕವೊಂದರಲ್ಲೇ ವರ್ಷಕ್ಕೆ 1,300ಕ್ಕೂ ಹೆಚ್ಚು ಜನ ಸಾಯುತ್ತಾರೆ, ಲಕ್ಷಕ್ಕೂ ಮೀರಿ ಗಾಯಗೊಳ್ಳುತ್ತಾರೆ ಎಂಬುದು ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತದ ಲೆಕ್ಕ. ಹೀಗಿರುವಾಗ ಹೆದರಿದವರಿಗೆ "ಏನೂ ಆಗಲ್ಲ, ಸುಮ್ಮನೆ ಹೋಗಿ" ಎಂದು ಧೈರ್ಯ ಹೇಳುವುದು ಸುಳ್ಳು ಹೇಳಿದಂತೆ, ಆ ಸುಳ್ಳು ಅವರಿಗೆ ತಿಳಿಯುತ್ತದೆ ಕೂಡ. ನೆಲದ ಸ್ಥಿತಿ ಎಷ್ಟು ಕೆಟ್ಟಿದೆಯೋ ಅಷ್ಟಕ್ಕೇ ಹೆದರುವುದನ್ನು ಕಲಿಯುವುದು ಇಲ್ಲಿ ಪರಿಹಾರ. ಅದಕ್ಕೆ ಮೊದಲು ನೆಲ ತಿಳಿಯಬೇಕು.

ಮಂಜುಗಡ್ಡೆ ಏಕೆ ಜಾರುತ್ತದೆ

ಮಂಜುಗಡ್ಡೆಯ ಮೈಮೇಲೆ, ಅದು ಕರಗುವ ಬಿಂದುವಿಗಿಂತ ತಣ್ಣಗಿದ್ದಾಗಲೂ, ದ್ರವದಂತೆ ವರ್ತಿಸುವ ಅತಿ ತೆಳುವಾದ ಪದರ ಇರುತ್ತದೆ. ಎರಡು ಮಂಜುಗಡ್ಡೆಗಳನ್ನು ಒತ್ತಿ ಹಿಡಿದರೆ ಅವು ಅಂಟಿಕೊಳ್ಳುವುದನ್ನು ಗಮನಿಸಿ ಮೈಕೆಲ್ ಫ್ಯಾರಡೆ 1850ರಲ್ಲೇ ಇಂಥ ಪದರದ ಊಹೆ ಮಾಡಿದ್ದ. ಕಾಲು ಅಥವಾ ಟೈರು ಉಜ್ಜಿದಾಗ ಹುಟ್ಟುವ ಶಾಖ ಇನ್ನಷ್ಟು ನೀರು ಮಾಡುತ್ತದೆ. ತಾಪಮಾನ ಸೊನ್ನೆಗೆ ಹತ್ತಿರವಾದಷ್ಟೂ ಆ ಪದರ ದಪ್ಪವಾಗುತ್ತದೆ, ಜಾರಿಕೆಯೂ ಹೆಚ್ಚುತ್ತದೆ.

ಹೊಸಬರು ಥರ್ಮಾಮೀಟರ್ ಮೈನಸ್ 25 ತೋರಿಸಿದ ದಿನ ಗಾಬರಿಯಾಗಿ ಮನೆಯಲ್ಲೇ ಕುಳಿತು, ಮೈನಸ್ ಒಂದೆರಡು ಡಿಗ್ರಿಯ ಬಿಸಿಲಿನ ದಿನ ನಿಶ್ಚಿಂತೆಯಿಂದ ಹೊರಡುತ್ತಾರೆ. ಆದರೆ ಮೈ ಕೊರೆಯುವ ಚಳಿಯಲ್ಲಿ ನೆಲ ಒಣಗಿ ಸ್ವಲ್ಪ ಹಿಡಿತ ಕೊಡುತ್ತದೆ; ಹಗಲು ಕರಗಿ ಸಂಜೆ ಮತ್ತೆ ಹೆಪ್ಪುಗಟ್ಟಿದ ನೆಲದ ಮೇಲೆ ನಿಲ್ಲುವುದೇ ಕಷ್ಟ. ಒಣ ಡಾಂಬರಿನ ಘರ್ಷಣಾಂಕ ಸುಮಾರು 0.7ರಿಂದ 0.8, ಮಂಜುಗಡ್ಡೆಯ ಮೇಲೆ ಅದು 0.1ರ ಆಸುಪಾಸಿಗೆ ಇಳಿಯುತ್ತದೆ. ಮಂಜುಗಡ್ಡೆಯ ರಸ್ತೆಯಲ್ಲಿ ಗಾಡಿ ನಿಲ್ಲಲು ಬೇಕಾಗುವ ದೂರ ಹತ್ತು ಪಟ್ಟು ಆಗಬಹುದು ಎಂದು ಬ್ರಿಟನ್ನಿನ ಹೆದ್ದಾರಿ ಸಂಹಿತೆ ಎಚ್ಚರಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಬ್ಲ್ಯಾಕ್ ಐಸ್. ಅದಕ್ಕೆ ಬಣ್ಣವಿಲ್ಲ. ತೆಳುವಾಗಿ, ಗಾಳಿಗುಳ್ಳೆ ಇಲ್ಲದೆ ಹೆಪ್ಪುಗಟ್ಟುವುದರಿಂದ ಕೆಳಗಿನ ಡಾಂಬರು ಹಾಗೇ ಕಾಣುತ್ತದೆ, ರಸ್ತೆ ಬರೀ ಒದ್ದೆಯಾದಂತೆ ತೋರುತ್ತದೆ. ಸೇತುವೆಗಳಿಗೆ ಮೇಲೂ ಕೆಳಗೂ ತಣ್ಣನೆಯ ಗಾಳಿ ತಗಲುವುದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲೇ ನೀರು ಹೆಪ್ಪುಗಟ್ಟುತ್ತದೆ. ಮರ, ಕಟ್ಟಡಗಳ ನೆರಳು ಬೀಳುವ ತಿರುವುಗಳೂ ಅಪಾಯದ ಜಾಗಗಳು. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದು ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮದಿದ್ದರೆ ಅದು ನೀರಲ್ಲ ಎಂದು ಅನುಭವಿ ಚಾಲಕರು ಗುರುತಿಸುತ್ತಾರೆ. ರಸ್ತೆಗೆ ಉಪ್ಪು ಎರಚುವುದು ಎಲ್ಲೆಡೆ ರೂಢಿ. ಆದರೆ ಸುಮಾರು ಮೈನಸ್ 10 ಡಿಗ್ರಿಯಿಂದ ಕೆಳಗೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಮರಳೇ ಗತಿ.

ನೆಲ ತಾಕಿದೊಡನೆ ಹೆಪ್ಪುಗಟ್ಟುವ ಮಳೆ ಇನ್ನೂ ಕಠಿಣ. 1998ರ ಜನವರಿ ಮೊದಲ ವಾರಗಳಲ್ಲಿ ಕ್ವಿಬೆಕ್, ಪೂರ್ವ ಒಂಟಾರಿಯೊ ಹಾಗೂ ಅಮೆರಿಕದ ಈಶಾನ್ಯ ಭಾಗದಲ್ಲಿ ದಿನಗಟ್ಟಲೆ ಇಂಥ ಮಳೆ ಸುರಿದು, ವಿದ್ಯುತ್ ಗೋಪುರಗಳು ಮಂಜುಗಡ್ಡೆಯ ಭಾರಕ್ಕೆ ಮಡಚಿ ಬಿದ್ದು, ನಲವತ್ತು ಲಕ್ಷ ಜನ ಕತ್ತಲಲ್ಲಿ ಉಳಿದರು. ಅಂಥ ದಿನ ಹೊರಗೆ ಕಾಲಿಡದಿರುವುದನ್ನು ಪುಕ್ಕಲುತನ ಎನ್ನಲಾಗದು.

ಭಯ ದೇಹಕ್ಕೆ ಮಾಡುವುದೇನು

ಮುಂದೆ ನೆಲ ಜಾರಬಹುದು ಎಂದು ತಿಳಿದ ಕೂಡಲೇ ಮನುಷ್ಯನ ನಡಿಗೆ ತಾನೇ ಬದಲಾಗುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಕೀಯೆ ಚಾಮ್ ಮತ್ತು ಮಾರ್ಕ್ ರೆಡ್‌ಫರ್ನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತು: ನೆಲ ಜಾರಬಹುದು ಎಂಬ ನಿರೀಕ್ಷೆ ಇದ್ದವರು ಹೆಜ್ಜೆ ಚಿಕ್ಕದು ಮಾಡಿ, ಪಾದವನ್ನು ಹೆಚ್ಚು ಮಟ್ಟಸವಾಗಿ ಊರಿ, ತಮಗೆ ಬೇಕಾಗುವ ಘರ್ಷಣೆಯನ್ನೇ ಕಡಿಮೆ ಮಾಡಿಕೊಂಡರು. ಮಿತವಾದ ಭಯ ಹೀಗೆ ಕಾಲಿಗೆ ಬುದ್ಧಿ ಕಲಿಸುತ್ತದೆ.

ಭಯ ಮಿತಿ ಮೀರಿದಾಗ ಕತೆ ಬೇರೆ. ಸ್ನಾಯುಗಳು ಬಿಗಿಯುತ್ತವೆ, ಮೊಣಕಾಲು ಸೆಟೆದುಕೊಳ್ಳುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಸಣ್ಣಗೆ ಜಾರಿದಾಗ ಸಾವರಿಸಿಕೊಳ್ಳಲು ಬೇಕಾದ ಬಾಗುವಿಕೆ ದೇಹದಲ್ಲಿ ಉಳಿಯುವುದಿಲ್ಲ. ಆತಂಕಗೊಂಡ ವೃದ್ಧರ ಕಣ್ಣು, ಇಟ್ಟ ಹೆಜ್ಜೆ ನೆಲ ಮುಟ್ಟುವ ಮುನ್ನವೇ ಮುಂದಿನ ಅಡಚಣೆಯತ್ತ ಹಾರುತ್ತದೆ, ಅದರಿಂದ ಹೆಜ್ಜೆಯೇ ತಪ್ಪುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡಿದೆ. ಸ್ಟಿಯರಿಂಗ್ ಹಿಡಿದವರಲ್ಲಿ ಇದೇ ಬಿಗಿತ ಚಕ್ರವನ್ನು ಫಕ್ಕನೆ ತಿರುಗಿಸುವ, ಬ್ರೇಕನ್ನು ಒಮ್ಮೆಲೇ ತುಳಿಯುವ ರೂಪ ತಾಳುತ್ತದೆ.

ಇದಕ್ಕಿಂತ ನಿಧಾನವಾದ, ಹೆಚ್ಚು ದುಃಖದ ಪರಿಣಾಮ ಮನೆಯೊಳಗೆ ನಡೆಯುತ್ತದೆ. ಹೊರಗೆ ಹೋಗದಿದ್ದರೆ ಆ ದಿನದ ಮಟ್ಟಿಗೆ ಎದೆ ಹಗುರಾಗುತ್ತದೆ. ಆ ನೆಮ್ಮದಿಯೇ ಮರುದಿನವೂ ಒಳಗೇ ಇರುವಂತೆ ಮಾಡುತ್ತದೆ. ನಾಲ್ಕು ತಿಂಗಳು ಹೀಗೆ ಕಳೆದರೆ ಕಾಲಿನ ಸ್ನಾಯು ಸೊರಗಿ, ಸಮತೋಲನ ಕುಗ್ಗಿ, ಬೀಳುವ ಸಾಧ್ಯತೆ ನಿಜಕ್ಕೂ ಏರುತ್ತದೆ. ಬಿದ್ದ ಮೇಲೆ ಕಂಡಕಂಡದ್ದನ್ನು ತಬ್ಬಿ ಹಿಡಿಯುತ್ತ, ಆಸರೆಯಿಲ್ಲದೆ ನಡೆಯಲಾಗದೆ ಹೋಗುವ ವೃದ್ಧರ ಸ್ಥಿತಿಯನ್ನು ಮರ್ಫಿ ಮತ್ತು ಐಸಾಕ್ಸ್ ಎಂಬ ವೈದ್ಯರು 1982ರಲ್ಲೇ ವಿವರಿಸಿದ್ದರು. 1990ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟ್ಟಿ ಈ ಭಯವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದರಿಂದ ಬೆಳೆದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಹದಿನಾರು ಪ್ರಶ್ನೆಗಳ ಮಾಪಕದಲ್ಲಿ ಒದ್ದೆಯಾದ ಅಥವಾ ಮಂಜುಗಟ್ಟಿದ ನೆಲದ ಮೇಲೆ ನಡೆಯುವಾಗ ಎಷ್ಟು ಕಳವಳವಾಗುತ್ತದೆ ಎಂಬುದೇ ಒಂದು ಪ್ರಶ್ನೆ.

ನಡಿಗೆ

ಮಲೆನಾಡಿನಲ್ಲಿ ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಓಡಾಡಿ ಬೆಳೆದವರಿಗೆ ಮಂಜುಗಡ್ಡೆಯ ನಡಿಗೆಯ ಅರ್ಧ ಪಾಠ ಗೊತ್ತಿರುತ್ತದೆ: ಹಿಮ್ಮಡಿ ಮೊದಲು ಊರಬಾರದು, ಹೆಜ್ಜೆ ಉದ್ದ ಹಾಕಬಾರದು. ಅಡಿಕೆ ಸೋಗೆ ಹಾಸಿ ದಾರಿ ಮಾಡಿಕೊಳ್ಳುವ ಅವರ ಉಪಾಯಕ್ಕೂ ಬಾಗಿಲ ಮುಂದೆ ಮರಳು ಚೆಲ್ಲುವ ಟೊರಾಂಟೊದವರ ಉಪಾಯಕ್ಕೂ ತತ್ತ್ವ ಒಂದೇ. ಬರಿಗಾಲ ಬೆರಳುಗಳು ನೆಲ ಕಚ್ಚುವ ಸೌಲಭ್ಯ ಮಾತ್ರ ಬೂಟಿನೊಳಗೆ ಇಲ್ಲ.

ಜರ್ಮನಿಯ ಮೂಳೆತಜ್ಞರ ಸಂಘ ಪೆಂಗ್ವಿನ್ ನಡಿಗೆಯನ್ನು ಶಿಫಾರಸು ಮಾಡಿದೆ. ಮೈಯ ಭಾರವನ್ನು ಮುಂದಿನ ಕಾಲಿನ ಮೇಲೆ ತಂದು, ಪಾದಗಳನ್ನು ಸ್ವಲ್ಪ ಹೊರಮುಖ ಮಾಡಿ, ಇಡೀ ಅಂಗಾಲು ಊರಿ, ಚಿಕ್ಕ ಹೆಜ್ಜೆ ಹಾಕುವುದು. ಸಾಮಾನ್ಯ ನಡಿಗೆಯಲ್ಲಿ ಭಾರ ಎರಡು ಕಾಲುಗಳ ನಡುವೆ ಹಂಚಿರುವುದರಿಂದ ಎರಡೂ ಕಾಲು ಓರೆಯಾಗಿ ನೆಲ ಒತ್ತುತ್ತವೆ, ಓರೆ ಒತ್ತಡವೇ ಜಾರಿಸುತ್ತದೆ. ಕೈಗಳು ಜೇಬಿನಲ್ಲಿರಬಾರದು, ಅದಕ್ಕಾಗಿಯೇ ಒಳ್ಳೆಯ ಕೈಗವಸು ಬೇಕು. ಕಾರಿನಿಂದ ಇಳಿಯುವಾಗ ಎರಡೂ ಪಾದ ನೆಲಕ್ಕೆ ಊರಿ, ಬಾಗಿಲು ಹಿಡಿದು, ಆಮೇಲೆ ಏಳಬೇಕು. ಬೀಳುವುದು ಖಚಿತವಾದರೆ ಗಲ್ಲವನ್ನು ಎದೆಗೆ ಒತ್ತಿ, ಮೊಣಕಾಲು ಬಾಗಿಸಿ, ಮಾಂಸಲ ಭಾಗದ ಮೇಲೆ ಬೀಳುವುದು ಲೇಸು. ಅಂಗೈ ಚಾಚಿ ಬಿದ್ದರೆ ಮಣಿಕಟ್ಟು ಮುರಿಯಬಹುದು. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ 1814ರಲ್ಲಿ ವಿವರಿಸಿದ, ಅವನ ಹೆಸರಿನಿಂದಲೇ ಕರೆಯುವ ಈ ಮುರಿತ ಜಾರುವ ದಿನಗಳಲ್ಲಿ ಆಸ್ಪತ್ರೆಗಳಿಗೆ ಸಾಲುಗಟ್ಟಿ ಬರುತ್ತದೆ.

ಪಾದರಕ್ಷೆಯ ವಿಷಯದಲ್ಲಿ ಅಂಗಡಿಯ ಚೀಟಿಯನ್ನು ನಂಬುವಂತಿಲ್ಲ. ಟೊರಾಂಟೊ ಪುನರ್ವಸತಿ ಸಂಸ್ಥೆಯ ಸಂಶೋಧಕರು ಪ್ರಯೋಗಾಲಯದೊಳಗೆ ಮಂಜುಗಡ್ಡೆಯ ಇಳಿಜಾರು ನಿರ್ಮಿಸಿ, ಅದನ್ನು ಓರೆ ಮಾಡುತ್ತ ಹೋಗಿ, ಜನರನ್ನು ಅದರ ಮೇಲೆ ನಡೆಸಿ ಬೂಟುಗಳನ್ನು ಪರೀಕ್ಷಿಸುತ್ತಾರೆ. 2016ರಲ್ಲಿ ಅವರು ಫಲಿತಾಂಶ ಪ್ರಕಟಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಚಳಿಗಾಲದ ಬೂಟುಗಳು ಕನಿಷ್ಠ ಮಟ್ಟವನ್ನೂ ಮುಟ್ಟಿರಲಿಲ್ಲ. ಬೂಟಿನ ಮೇಲೆ ತೊಡಿಸುವ ಲೋಹದ ಹಲ್ಲುಗಳ ರಬ್ಬರ್ ಪಟ್ಟಿ ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಹಿಂದೆ ಬಿದ್ದಿದ್ದ ವೃದ್ಧರ ಮೇಲೆ ವಿಸ್ಕಾನ್ಸಿನ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ತೊಟ್ಟವರ ಹೊರಾಂಗಣದ ಬೀಳುವಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಅಂಗಡಿಯ ನುಣುಪು ಟೈಲ್ಸ್ ಮೇಲೆ ಅದೇ ಪಟ್ಟಿ ಜಾರಿಸುತ್ತದೆ, ಒಳಗೆ ಹೋಗುವಾಗ ಕಳಚಲೇಬೇಕು. ಏನೂ ಇಲ್ಲದಿದ್ದರೆ ಬೂಟಿನ ಹೊರಗೆ ಕಾಲುಚೀಲ ಹಾಕಿಕೊಳ್ಳುವುದೂ ಉಪಯುಕ್ತ. ನ್ಯೂಜಿಲೆಂಡಿನ ಡನೀಡಿನ್ ನಗರದ ಕಡಿದಾದ ಬೀದಿಗಳಲ್ಲಿ ಲಿಯಾನ್ ಪಾರ್ಕಿನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ಜಾರಿಕೆ ಕಡಿಮೆಯಾದದ್ದನ್ನು ತೋರಿಸಿದ್ದಾರೆ.

ಚಾಲನೆ

ಚಾಲಕರ ಭಯಕ್ಕೆ ಮೊದಲ ಮದ್ದು ಟೈರು. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಡುಸಾಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುತ್ತದೆ. ಬೆಂಗಳೂರಿನ ದಾಖಲೆಯ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ ಎಂಬುದನ್ನು ನೆನೆದರೆ, ಅಲ್ಲಿ ಗಾಡಿ ಕಲಿತವರಿಗೆ ಈ ವಿಷಯವೇ ಏಕೆ ಹೊಸದು ಎಂಬುದು ಅರ್ಥವಾಗುತ್ತದೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಪಕ್ಕದ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೂ ಹಾಕಿಸುವುದೇ ಸರಿ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹರಿಯುವ ಗಾಡಿ ಹೊರಡಲು ನೆರವಾಗುತ್ತದೆ, ನಿಲ್ಲಲು ನೆರವಾಗದು. ದೊಡ್ಡ ಎಸ್‌ಯುವಿಗಳು ಹಳ್ಳಕ್ಕೆ ಇಳಿಯುವುದು ಇದನ್ನು ಮರೆತಾಗ.

ಗಾಡಿ ಜಾರತೊಡಗಿದರೆ ಪೆಡಲ್‌ನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕಿನತ್ತ ಕಣ್ಣು ನೆಟ್ಟು, ಅದೇ ದಿಕ್ಕಿಗೆ ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸಬೇಕು. ಡಿಕ್ಕಿ ಹೊಡೆಯಬಹುದಾದ ಕಂಬವನ್ನೇ ನೋಡುತ್ತಿದ್ದರೆ ಕೈ ಅತ್ತಲೇ ಎಳೆಯುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಗಾಡಿಯಲ್ಲಿ ತುರ್ತಾಗಿ ಬ್ರೇಕ್ ಹಾಕಿದಾಗ ಪೆಡಲ್ ಅಂಗಾಲಿನ ಕೆಳಗೆ ಗಡಗಡ ನಡುಗುತ್ತದೆ, ಕೆಳಗಿನಿಂದ ಗರಗರ ಸದ್ದೂ ಬರುತ್ತದೆ. ಮೊದಲ ಬಾರಿ ಇದನ್ನು ಕಂಡವರು ಏನೋ ಮುರಿಯಿತೆಂದು ಗಾಬರಿಯಾಗಿ ಕಾಲೆತ್ತಿಬಿಡುತ್ತಾರೆ. ಅದು ಬ್ರೇಕ್ ಕೆಲಸ ಮಾಡುವ ಸದ್ದು. ಒತ್ತಿ ಹಿಡಿದೇ ಇರಬೇಕು. ಖಾಲಿ ಪಾರ್ಕಿಂಗ್ ಜಾಗದಲ್ಲಿ, ಅನುಮತಿ ಇದ್ದಲ್ಲಿ, ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕಡಿಮೆ ವೇಗದಲ್ಲಿ ಬೇಕೆಂದೇ ಈ ನಡುಕವನ್ನು ಅನುಭವಿಸಿ ನೋಡಿದರೆ ಅರ್ಧ ಭಯ ಅಲ್ಲೇ ಬಿಡುತ್ತದೆ.

ಧೈರ್ಯ ಅತಿಯಾದರೂ ಕೆಡುಕೇ. ನಾರ್ವೆಯಲ್ಲಿ ಜಾರುನೆಲದ ಹೆಚ್ಚುವರಿ ತರಬೇತಿ ಪಡೆದ ಯುವಕರ ಅಪಘಾತಗಳು ಇಳಿಯುವ ಬದಲು ಏರಿದ್ದನ್ನು 1980ರ ದಶಕದ ಅಧ್ಯಯನ ತೋರಿಸಿತು. ಜಾರಿದ ಗಾಡಿಯನ್ನು ಹತೋಟಿಗೆ ತರಬಲ್ಲೆವೆಂಬ ನಂಬಿಕೆ ಅವರ ವೇಗ ಹೆಚ್ಚಿಸಿತ್ತು. ಆ ಬಳಿಕ ಉತ್ತರ ಯುರೋಪಿನ ತರಬೇತಿ, ಜಾರದಂತೆ ಓಡಿಸುವುದರತ್ತಲೂ ಹತೋಟಿ ಎಷ್ಟು ಬೇಗ ತಪ್ಪುತ್ತದೆ ಎಂದು ಮನಗಾಣಿಸುವುದರತ್ತಲೂ ವಾಲಿತು.

ಭಯವನ್ನು ಹದಕ್ಕೆ ತರುವ ಬಗೆ

ಮನೋಚಿಕಿತ್ಸಕರು ಬಳಸುವ ಮುಖ್ಯ ಉಪಾಯ ಹಂತಹಂತವಾಗಿ ಎದುರಿಸುವುದು. ಜೋಸೆಫ್ ವೋಲ್ಪೆ 1958ರ ತನ್ನ ಪುಸ್ತಕದಲ್ಲಿ ಇದಕ್ಕೆ ವ್ಯವಸ್ಥಿತ ರೂಪ ಕೊಟ್ಟ. ಹೆದರಿಸುವ ಸಂದರ್ಭಗಳನ್ನು ಸೊನ್ನೆಯಿಂದ ನೂರರ ಅಂಕದಲ್ಲಿ ಬರೆದು, ಕಡಿಮೆ ಅಂಕದ್ದರಿಂದ ಶುರುಮಾಡುವುದು: ಮೊದಲು ಮರಳು ಚೆಲ್ಲಿದ ಮನೆಯ ಮುಂದಿನ ಜಾಗ, ಬಳಿಕ ಬೀದಿಯ ಮೂಲೆ, ಆಮೇಲೆ ಬಸ್ ನಿಲ್ದಾಣ. ಗಾಡಿಗಾದರೆ ನಿಂತ ಕಾರಿನಲ್ಲಿ ಕೂರುವುದು, ಹಗಲಲ್ಲಿ ಬಡಾವಣೆಯೊಳಗೆ ಒಂದು ಸುತ್ತು, ಕೊನೆಗೆ ಹೆದ್ದಾರಿ. ಆತಂಕ ಏರಿ, ಇಳಿಯುವವರೆಗೂ ಅಲ್ಲಿಯೇ ಇರುವುದು ಮುಖ್ಯ. ತುದಿಯಲ್ಲಿರುವಾಗ ಓಡಿಬಂದರೆ ಭಯ ಗಟ್ಟಿಯಾಗುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಡುವುದು, ಬಿಗಿದ ಭುಜ ಸಡಿಲಿಸುವುದು ಸಹಾಯಕ. ಹವಾಮಾನ ವರದಿ ಒಮ್ಮೆ ನೋಡುವುದು ವಿವೇಕ, ಹತ್ತು ನಿಮಿಷಕ್ಕೊಮ್ಮೆ ನೋಡುವುದು ಆತಂಕಕ್ಕೆ ಎಣ್ಣೆ. ಹೊರಗೆ ಹೋಗುವ ಯೋಚನೆಗೇ ನಿದ್ದೆ ಕೆಡುವುದು, ಎದೆ ಹೊಡೆದುಕೊಂಡು ಬೆವರುವುದು, ಕೆಲಸ ಅಥವಾ ಔಷಧೋಪಚಾರ ತಪ್ಪಿಹೋಗುವುದು, ಅಪಘಾತದ ದೃಶ್ಯ ಮತ್ತೆ ಮತ್ತೆ ಕಣ್ಮುಂದೆ ಬರುವುದು ಇದ್ದರೆ ವೈದ್ಯರನ್ನು ಕಾಣಬೇಕು.

ಉತ್ತರ ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಇದರ ಎರಡು ಮುಖ ಕಾಣುತ್ತವೆ. ಬೆಂಗಳೂರಿನ ದಟ್ಟಣೆಯಲ್ಲಿ ಪಳಗಿದ ಚಾಲಕರಿಗೆ ಮುಂದಿನ ಗಾಡಿಗೆ ಒತ್ತಿಕೊಂಡು ಹೋಗುವುದು, ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಾಕುವುದು ಅಭ್ಯಾಸವಾಗಿರುತ್ತದೆ; ಮಂಜುಗಡ್ಡೆಯ ಮೇಲೆ ಅವೆರಡನ್ನೂ ಬಿಡಬೇಕು. ಮಕ್ಕಳ ಮನೆಗೆ ಬಂದ ತಂದೆತಾಯಿಯರ ಪಾಡು ಇನ್ನೊಂದು. "ಅಮ್ಮಾ, ಹೊರಗೆ ಕಾಲಿಡಬೇಡ, ಜಾರುತ್ತೆ" ಎಂದು ಹೇಳಿ ಮಗಳು ಕೆಲಸಕ್ಕೆ ಹೋಗುತ್ತಾಳೆ, ತಾಯಿ ಕಿಟಕಿಯ ಬಳಿ ದಿನ ಕಳೆಯುತ್ತಾರೆ. ಕಾಳಜಿಯ ಮಾತೇ ಆದರೂ ಅದು ಭಯವನ್ನೂ ಒಂಟಿತನವನ್ನೂ ಬೆಳೆಸುತ್ತದೆ. ಅಳತೆಗೆ ಸರಿಯಾದ ಬೂಟು, ಮೇಲೊಂದು ಹಲ್ಲುಪಟ್ಟಿ, ಸೀರೆಯ ನೆರಿಗೆ ಬೂಟಿಗೆ ಸಿಕ್ಕದಂತೆ ಚೂಡಿದಾರ ಅಥವಾ ಪ್ಯಾಂಟು, ತೋಳು ಹಿಡಿಯಲು ಮನೆಯವರೊಬ್ಬರು ಇದ್ದರೆ ದಿನಕ್ಕೊಂದು ಸುತ್ತು ಸಾಧ್ಯ. ತೀರಾ ಕೆಟ್ಟ ದಿನಗಳಲ್ಲಿ ಮಾಲ್‌ನೊಳಗೆ ನಡೆಯುವುದು ಅಲ್ಲಿನ ವೃದ್ಧರ ರೂಢಿ.

ನಗರಗಳ ಹೊಣೆ

ಭಯವನ್ನು ಬರೀ ಹೆದರಿದವರ ಸಮಸ್ಯೆಯೆಂದು ನೋಡುವುದು ಅನ್ಯಾಯ. ರಸ್ತೆಯ ಹಿಮ ಬಾಚಿ ಫುಟ್‌ಪಾತಿನ ಮೇಲೆ ರಾಶಿ ಹಾಕುವ ಊರಿನಲ್ಲಿ ನಡೆಯುವವರು ಹೆದರದೆ ಇನ್ನೇನು ಮಾಡಿಯಾರು? ಸ್ವೀಡನ್ನಿನ ಕಾರ್ಲ್ಸ್‌ಕೂಗ ಪಟ್ಟಣ ಈ ಕ್ರಮವನ್ನು ತಿರುವುಮುರುವು ಮಾಡಿ, ಕಾಲುದಾರಿ, ಸೈಕಲ್ ದಾರಿಗಳನ್ನು ಮೊದಲು ತೆರವು ಮಾಡತೊಡಗಿತು. ಜಾರುನೆಲದಲ್ಲಿ ಪೆಟ್ಟಾಗುವವರಲ್ಲಿ ಪಾದಚಾರಿಗಳೇ ಹೆಚ್ಚು, ಅವರಲ್ಲಿ ಹೆಂಗಸರು ಹೆಚ್ಚು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಫಿನ್‌ಲೆಂಡಿನ ಹವಾಮಾನ ಸಂಸ್ಥೆ ಪಾದಚಾರಿಗಳಿಗೆಂದೇ ಜಾರಿಕೆಯ ಎಚ್ಚರಿಕೆ ಕೊಡುತ್ತದೆ. ಮಿನಿಯಾಪೊಲಿಸ್‌ನಲ್ಲಿ 1962ರಿಂದ ಕಟ್ಟಡದಿಂದ ಕಟ್ಟಡಕ್ಕೆ ಮುಚ್ಚಿದ ಮೇಲ್ಸೇತುವೆಗಳು ಬೆಳೆದಿವೆ. ಮಾಂಟ್ರಿಯಲ್‌ನಲ್ಲಿ ನೆಲದಡಿಯ ದಾರಿಗಳ ಜಾಲವಿದೆ. ರೇಕ್ಯಾವಿಕ್‌ನಲ್ಲಿ ಮನೆಗಳನ್ನು ಬೆಚ್ಚಗಿಟ್ಟು ಹಿಂದಿರುಗುವ ಭೂಶಾಖದ ನೀರು, ಮಿಶಿಗನ್ನಿನ ಹಾಲೆಂಡ್ ಪಟ್ಟಣದಲ್ಲಿ 1988ರಿಂದ ವಿದ್ಯುತ್ ಸ್ಥಾವರದ ಮಿಕ್ಕ ಶಾಖದಿಂದ ಕಾದ ನೀರು, ಕೊಳವೆಗಳಲ್ಲಿ ಹರಿದು ಪೇಟೆಬೀದಿಯ ಫುಟ್‌ಪಾತಿನ ಹಿಮವನ್ನು ಬಿದ್ದಂತೆಯೇ ಕರಗಿಸುತ್ತದೆ.