ರಾಜವೈದ್ಯನ ಹೆಸರಿನ ಕಾಯಿಲೆ

ಇದು ಮುಜುಗರದ ವಿಷಯ, ಮೊದಲೇ ಹೇಳಿಬಿಡ್ತೀನಿ. ನನಗೂ ಇದು ಗೊತ್ತಾಗಿದ್ದು ಒಬ್ಬ ಹಳೇ ಗೆಳೆಯನಿಂದ. ವಯಸ್ಸು ಐವತ್ತೈದು ದಾಟಿದೆ. ಬೆಳಗಿನ ವಾಕಿಂಗಲ್ಲಿ ಎರಡು ಸುತ್ತು ಸುಮ್ಮನೆ ನಡೆದು, ಮೂರನೇ ಸುತ್ತಲ್ಲಿ ಬಾಯಿಬಿಟ್ಟ. "ಮಾರಾಯಾ, ಅಲ್ಲೊಂದು ಗಂಟು ಬಂದಿದೆ. ನಿಮಿರಿದಾಗ ಸೊಟ್ಟ ಆಗ್ತದೆ. ಕ್ಯಾನ್ಸರಾ ಅಂತ ಹೆದರಿಕೆ."

ಕ್ಯಾನ್ಸರ್ ಅಲ್ಲ. ಅದಕ್ಕೆ ಪೆಯ್ರೋನಿ ಕಾಯಿಲೆ ಅಂತ ಹೆಸರು. ಆ ಹೆಸರಿನ ಹಿಂದೆ ಹೋದರೆ ಫ್ರಾನ್ಸಿನ ರಾಜನ ಅರಮನೆಗೆ ತಲುಪುತ್ತೇವೆ.

ಫ್ರಾನ್ಸ್ವಾ ಜಿಗೊ ದ ಲಾ ಪೆಯ್ರೋನಿ ಹುಟ್ಟಿದ್ದು 1678ರಲ್ಲಿ, ಮೋಂಪೆಲಿಯೇ ಊರಲ್ಲಿ. ಆ ಕಾಲದ ಫ್ರಾನ್ಸಿನಲ್ಲಿ ಶಸ್ತ್ರಚಿಕಿತ್ಸಕರೂ ಕ್ಷೌರಿಕರೂ ಒಂದೇ ಸಂಘದವರು. ಲ್ಯಾಟಿನ್ ಓದಿದ ವೈದ್ಯರು ರೋಗಿಯ ಮೈ ಮುಟ್ಟದೆ ಔಷಧಿ ಬರೆಯುವವರು. ಕೀವು, ರಕ್ತ, ಹುಣ್ಣು ಎಲ್ಲ ಕತ್ತಿ ಹಿಡಿದವರ ಪಾಲಿಗೆ. ಅಂಥ ಕಸುಬಿನಿಂದ ಬಂದ ಈತ ಹದಿನೈದನೇ ಲೂಯಿಯ ಮುಖ್ಯ ಶಸ್ತ್ರವೈದ್ಯನಾದ. 1731ರಲ್ಲಿ ಮರೆಶಾಲ್ ಎಂಬ ಹಿರಿಯನ ಜೊತೆ ಸೇರಿ ಪ್ಯಾರಿಸ್ಸಿನಲ್ಲಿ ಶಸ್ತ್ರಚಿಕಿತ್ಸೆಯ ಅಕಾಡೆಮಿ ಕಟ್ಟಿದ. 1743ರ ಏಪ್ರಿಲ್‌ನಲ್ಲಿ ರಾಜಾಜ್ಞೆ ಹೊರಟು ಶಸ್ತ್ರವೈದ್ಯರೇ ಬೇರೆ, ಕ್ಷೌರಿಕರೇ ಬೇರೆ ಅಂತಾಯಿತು. ಅದರ ಹಿಂದೆ ಇದ್ದವನೂ ಇವನೇ.

ಅಕಾಡೆಮಿಯ ಮೊದಲ ಸಂಪುಟ ಹೊರಬಂದಿದ್ದೂ ಅದೇ 1743ರಲ್ಲಿ. ತಮ್ಮ ಕಸುಬಿನ ಮಾನ ಎತ್ತಿ ಹಿಡಿಯಬೇಕಾದ ಪುಸ್ತಕ ಅದು. ಅದರಲ್ಲಿ ಈ ಮನುಷ್ಯ ಬರೆದ ಲೇಖನಗಳಲ್ಲೊಂದು ವೀರ್ಯಸ್ಖಲನಕ್ಕೆ ಬರುವ ಅಡೆತಡೆಗಳ ಬಗ್ಗೆ! ಶಿಶ್ನದ ಉದ್ದಕ್ಕೂ ಜಪಮಾಲೆಯ ಮಣಿಗಳ ಹಾಗೆ ಗಂಟುಗಳು, ಅದರಿಂದ ಮೇಲಕ್ಕೆ ಬಾಗಿದ ಅಂಗ, ಹೀಗೆ ಕಂಡದ್ದನ್ನು ಕಂಡ ಹಾಗೆ ಬರೆದ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಮೊದಲು ಕಂಡವನು ಅವನೇ ಏನಲ್ಲ. ಹೆಂಗಸರ ಗರ್ಭನಾಳಕ್ಕೆ ಹೆಸರು ಕೊಟ್ಟ ಇಟಲಿಯ ಫಲ್ಲೋಪಿಯೊ 1561ರಲ್ಲೇ ಇದನ್ನು ಗುರುತಿಸಿದ್ದ. ರೆಂಬ್ರಾಂಟ್‌ನ ಪ್ರಸಿದ್ಧ ಚಿತ್ರದಲ್ಲಿ ಹೆಣದ ಕೈ ಬಿಡಿಸಿ ತೋರಿಸುತ್ತಾನಲ್ಲ, ಆ ಡಾಕ್ಟರ್ ಟುಲ್ಪ್ ಕೂಡ ಬರೆದಿದ್ದ. ಹೆಸರು ಉಳಿದಿದ್ದು ಮಾತ್ರ ಪೆಯ್ರೋನಿಯದು.

ಒಳಗೆ ಆಗುವುದೇನು? ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆ, ಅವುಗಳ ಸುತ್ತ ಹಿಗ್ಗುವ ಗಟ್ಟಿ ಪೊರೆ. ಸಂಭೋಗದ ವೇಳೆ ಬಗ್ಗಿ, ಒತ್ತಿ, ಗೊತ್ತೇ ಆಗದ ಸಣ್ಣ ಪೆಟ್ಟುಗಳು ಆ ಪೊರೆಗೆ ಬೀಳುತ್ತವೆ ಅಂತ ಲೆಕ್ಕ. ಕೆಲವರಲ್ಲಿ ಗಾಯ ಮಾಯುವಾಗ ಹಿಗ್ಗದ ಕಲೆ ಕಟ್ಟುತ್ತದೆ. ಸೈಕಲ್ ಟ್ಯೂಬಿನ ಒಂದು ಬದಿಗೆ ದಪ್ಪ ಪ್ಯಾಚ್ ಹಾಕಿ ಗಾಳಿ ಹೊಡೆದು ನೋಡಿ. ಪ್ಯಾಚ್ ಇದ್ದ ಕಡೆ ಹಿಗ್ಗೋದಿಲ್ಲ, ಟ್ಯೂಬು ಆ ಕಡೆಗೇ ಬಾಗುತ್ತೆ. ಅಂಗೈಯ ಚರ್ಮದಡಿಯ ಪೊರೆ ಗಂಟುಕಟ್ಟಿ ಬೆರಳು ಮಡಚಿಕೊಳ್ಳುವ ಡುಪ್ಯುಟ್ರೆನ್ ಅನ್ನೋ ಕಾಯಿಲೆ ಇದೆ. ಅದಿರುವವರಲ್ಲಿ ಇದೂ ಹೆಚ್ಚು.

ಇನ್ನು ಮದ್ದಿನ ಕಥೆ. ಪೆಯ್ರೋನಿ ಹೇಳಿದ್ದು ಬರೇಜ್ ನೀರು. ಪಿರನೀಸ್ ಬೆಟ್ಟದ ಗಂಧಕದ ಬಿಸಿನೀರು ಅದು. ಹದಿನಾಲ್ಕನೇ ಲೂಯಿಯ ಕುಂಟ ಮಗನನ್ನು ಕರೆದುಕೊಂಡು ಹೋದ ಮೇಲೆ ದೊಡ್ಡ ಹೆಸರು ಮಾಡಿತ್ತು. ಅಲ್ಲಿಗೆ ಹೋದವರಿಗೆ ಗುಣ ಕಂಡಿರಬಹುದು. ಯಾಕಂದ್ರೆ ಈ ಕಾಯಿಲೆಗೆ ಎರಡು ಹಂತ. ಮೊದಲ ಹಂತದಲ್ಲಿ ನೋವು. ಅದು ಬಹುತೇಕ ಗಂಡಸರಲ್ಲಿ ಒಂದು, ಒಂದೂವರೆ ವರ್ಷದಲ್ಲಿ ತಾನಾಗಿಯೇ ಇಳಿಯುತ್ತೆ. ಆ ಹೊತ್ತಿಗೆ ಕೈಯಲ್ಲಿ ಯಾವ ಮದ್ದಿರುತ್ತೋ ಅದಕ್ಕೇ ಕೀರ್ತಿ! ಬಾಗು ತಾನಾಗಿ ಸರಿಹೋಗೋದು ಮಾತ್ರ ಕೆಲವರಲ್ಲಷ್ಟೇ. 1940ರ ದಶಕದಲ್ಲಿ ವಿಟಮಿನ್ ಇ ಬಂತು, ದಶಕಗಟ್ಟಲೆ ಗಂಡಸರು ನುಂಗಿದರು. ಅಮೆರಿಕದ ಯುರಾಲಜಿ ಸಂಘ 2015ರಲ್ಲಿ ಅದನ್ನು ಕೊಡಬೇಡಿ ಅಂದಿತು.

ನಮ್ಮ ಗೆಳೆಯನೂ ಬರೇಜ್ ಯಾತ್ರೆ ಮಾಡಿದ್ದ ಅನ್ನಿ. ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ ಗುಪ್ತರೋಗ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಲ್ಲ, ಅಂಥದ್ದೊಂದು ನಂಬರಿಗೆ ಫೋನ್ ಮಾಡಿ ಒಂಬತ್ತು ತಿಂಗಳು ಪುಡಿ ತಿಂದಿದ್ದ. "ನೋವು ಹೋಯ್ತು ಮಾರಾಯಾ, ಪುಡಿ ಒಳ್ಳೇದೇ. ಸೊಟ್ಟ ಮಾತ್ರ ಹಾಗೇ ಉಂಟು." ಹೆಂಡತಿಗೂ ಹೇಳಿರಲಿಲ್ಲ. ನೆಂಟರು ಬಂದಿದ್ದಾರೆ, ಬೆನ್ನುನೋವು, ಹೀಗೆ ನೆಪ ಹುಡುಕಿ ಹಾಲ್‌ನಲ್ಲಿ ಮಲಗುತ್ತಿದ್ದ. ಆಕೆ ಏನಂದುಕೊಂಡಿರಬಹುದು, ಯೋಚಿಸಿ.

ಬಾಗು ಸ್ಥಿರವಾದ ಮೇಲೆ ಮಾಡುವ ಆಪರೇಷನ್ನಿನಲ್ಲಿ ದರ್ಜಿಯ ಲೆಕ್ಕ ಇದೆ. ಅಮೆರಿಕದ ನೆಸ್ಬಿಟ್ 1965ರಲ್ಲಿ ಹುಟ್ಟಿನಿಂದ ಬಾಗಿದವರಿಗೆ ಮಾಡಿದ್ದು, ಆಮೇಲೆ ಇದಕ್ಕೂ ಬಂತು: ಉದ್ದವಿರುವ ಬದಿಯ ಪೊರೆಯಲ್ಲಿ ಸ್ವಲ್ಪ ಕತ್ತರಿಸಿ ಹೊಲಿಯೋದು. ನೇರವಾಗುತ್ತೆ, ಉದ್ದ ಸ್ವಲ್ಪ ಕಮ್ಮಿಯಾಗುತ್ತೆ. ಈ ಎರಡನೇ ಮಾತನ್ನು ಡಾಕ್ಟರು ಮೊದಲೇ ಹೇಳಬೇಕು. ಕಲೆಯನ್ನೇ ಕರಗಿಸುವ ಕೊಲಾಜಿನೇಸ್ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು.

ಗೆಳೆಯನನ್ನು ಯುರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಬಾಗು ಅಷ್ಟೇನೂ ಇಲ್ಲ, ಕೂಡಲು ತೊಂದರೆ ಆಗದಿದ್ದರೆ ಆಪರೇಷನ್ ಯಾಕೆ ಅಂದರಂತೆ. ಮತ್ತೆ, "ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ" ಅಂದರಂತೆ. ಹೊರಗೆ ಬಂದವನು ಬಹಳ ಹೊತ್ತು ಸ್ಕೂಟರ್ ಕೀ ತಿರುಗಿಸುತ್ತಾ ನಿಂತಿದ್ದ. "ಅವಳಿಗೆ ಹೇಗೆ ಹೇಳೋದು?" ಅಂತ ಕೇಳಿದ.