ಉಣಕಲ್ ಕೆರೆ ಅಂತರಗಂಗೆ ತೆಗೆದಷ್ಟೂ ಯಾಕೆ ಬರ್ತದೆ? ಕೆರೆಯೊಳಗಿನ ಊಟದ ಲೆಕ್ಕ ಇಲ್ಲಿದೆ

ಹುಬ್ಬಳ್ಳಿ: ಪಿ.ಬಿ. ರಸ್ತೆಯಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವವರಿಗೆ ಉಣಕಲ್ ಕೆರೆ ಗೊತ್ತೇ ಇದೆ. ನೂರು ವರ್ಷ ದಾಟಿದ, ಸುಮಾರು 200 ಎಕರೆಯ ಕೆರೆ. ನಡುವೆ ಸ್ವಾಮಿ ವಿವೇಕಾನಂದರ ಪ್ರತಿಮೆ. ಒಂದು ಕಾಲಕ್ಕೆ ಹುಬ್ಬಳ್ಳಿ ಮಂದಿಗೆ ಕುಡಿಯುವ ನೀರು ಕೊಟ್ಟ ಕೆರೆ ಇದು. ಈಗ ಇದರ ಸುದ್ದಿ ಅಂದ್ರೆ ಎರಡೇ. ಅಂತರಗಂಗೆ ಬೆಳೀತು, ಅಂತರಗಂಗೆ ತೆಗೆದರು. ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಸುದ್ದಿ. ಧಾರವಾಡದ ಕೆಲಗೇರಿ ಕೆರೆಗೂ ಇದೇ ಕಾಟ ಇದೆ.

ಯಂತ್ರ ಇಳಿಸಿದರೂ, ಆಳು ಹಚ್ಚಿದರೂ ಈ ಕಳೆ ಯಾಕೆ ಹೋಗ್ತಿಲ್ಲ? ಇದು ತಿಳೀಬೇಕಂದ್ರೆ ಕೆರೆಯಲ್ಲಿ ಯಾರು ಯಾರನ್ನು ತಿಂತಾರೆ, ಆ ಊಟದ ಶಕ್ತಿ ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ಅನ್ನೋದನ್ನು ಮೊದಲು ನೋಡಬೇಕು.

ಊಟ ಶುರು ಆಗೋದು ಬಿಸಿಲಿನಿಂದ

ಕೆರೆಯೊಳಗಿನ ಬಹುಪಾಲು ಊಟದ ಮೂಲ ಬಿಸಿಲು. ನೀರಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಿಸಿಲು ಹಿಡಿದು ತನ್ನ ಆಹಾರ ತಾನೇ ಮಾಡಿಕೊಳ್ತದೆ. ಆ ಪಾಚಿಯನ್ನು ನೀರಿನ ಸಣ್ಣ ಸಣ್ಣ ಜೀವಿಗಳು ತಿಂತಾವೆ. ಅವನ್ನು ಮೀನು ತಿಂತಾವೆ. ಮೀನನ್ನು ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ತಿಂತಾವೆ. ಬಲೆ ಹಾಕಿದರೆ ನಾವೂ ತಿಂತೀವಿ.

ಮೀನುಗಳಲ್ಲೂ ಜಾಗ ಹಂಚಿಕೆ ಇದೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯ್ತದೆ, ರೋಹು ನಡುವಿನ ನೀರಲ್ಲಿ, ಮೃಗಾಲ್ ತಳದ ಕೊಳೆತ ಪದಾರ್ಥದಲ್ಲಿ. ಒಂದರ ಊಟಕ್ಕೆ ಇನ್ನೊಂದು ಅಷ್ಟಾಗಿ ಅಡ್ಡ ಬರಲ್ಲ. ಅದಕ್ಕೇ ಕೆರೆಗಳಲ್ಲಿ ಮೂರೂ ಮರಿಗಳನ್ನು ಒಟ್ಟಿಗೆ ಬಿಡ್ತಾರೆ.

ಹತ್ತರಲ್ಲಿ ಒಂದೇ ಪಾಲು ದಾಟೋದು

ಒಬ್ಬರಿಂದ ಒಬ್ಬರಿಗೆ ಹೋಗುವಾಗ ಎಲ್ಲ ಶಕ್ತಿಯೂ ದಾಟಲ್ಲ. ಈಜೋದು, ಉಸಿರಾಡೋದು, ಮೈ ನಡೆಸೋದು ಇದರಲ್ಲೇ ಬಹಳಷ್ಟು ಖರ್ಚಾಗಿ ಶಾಖವಾಗಿ ಹೋಗ್ತದೆ. ಒಂದಿಷ್ಟು ಜೀರ್ಣವಾಗದೆ ಹೊರಗೆ ಬೀಳ್ತದೆ. ಮೇಲಿನ ಹಂತಕ್ಕೆ ಹೋಗೋದು ಅಂದಾಜು ನೂರಕ್ಕೆ ಹತ್ತು.

ಈ ಲೆಕ್ಕಕ್ಕೆ ದಾರಿ ಹಾಕಿದವನು ಅಮೆರಿಕದ ರೇಮಂಡ್ ಲಿಂಡೆಮನ್ ಅನ್ನೋ ಯುವಕ. ಅವನು ಲೆಕ್ಕ ಹಾಕಿದ್ದೂ ಒಂದು ಕೆರೆ ಮೇಲೆ, ಮಿನ್ನೆಸೋಟ ರಾಜ್ಯದ ಸೀಡರ್ ಬಾಗ್ ಲೇಕ್. ಅವನ ಪ್ರಬಂಧವನ್ನು ಮೊದಲು ಪರಿಶೀಲಕರು ಬೇಡ ಅಂದಿದ್ದರು. ಕಡೆಗೆ 1942ರಲ್ಲಿ ಪ್ರಕಟ ಆಯ್ತು. ಅಷ್ಟರಲ್ಲಿ ಲಿಂಡೆಮನ್ ತೀರಿಕೊಂಡಿದ್ದ. ಆಗ ಅವನಿಗೆ 26 ವರ್ಷ.

ತೂಕದಲ್ಲಿ ಹೇಳೋದಾದ್ರೆ, 1,000 ಕೆಜಿ ಪಾಚಿಯಿಂದ 100 ಕೆಜಿ ಸಣ್ಣ ಜೀವಿ, ಅದರಿಂದ 10 ಕೆಜಿ ಸಣ್ಣ ಮೀನು, ಅದರಿಂದ 1 ಕೆಜಿ ದೊಡ್ಡ ಮೀನು. ಇದು ಒರಟು ಲೆಕ್ಕ, ಆದರೆ ವಿಷಯ ತಿಳೀತದೆ. ಕೆಳಗೆ ಪಾಚಿಗೆ ಬಿಸಿಲು ತಪ್ಪಿದರೆ ಮೇಲೆ ಮೀನು, ಹಕ್ಕಿ ಎಲ್ಲದಕ್ಕೂ ಹೊಡೆತ.

ಶಕ್ತಿ ಹೋಗ್ತದೆ, ಗೊಬ್ಬರ ಉಳೀತದೆ

ಶಕ್ತಿ ಒಂದೇ ಕಡೆ ಹರಿದು ಖರ್ಚಾಗ್ತದೆ, ವಾಪಸ್ ಬರಲ್ಲ. ನಾಳೆಗೆ ಹೊಸ ಬಿಸಿಲೇ ಬೇಕು. ಆದರೆ ಸಾರಜನಕ, ರಂಜಕದಂಥ ಪೋಷಕಾಂಶ ಹಂಗಲ್ಲ. ಸತ್ತ ಎಲೆ, ಸತ್ತ ಮೀನನ್ನು ಬ್ಯಾಕ್ಟೀರಿಯಾ ಕೊಳೆಸಿದಾಗ ಅವು ಮತ್ತೆ ನೀರಿಗೇ ಸೇರಿ ಸುತ್ತುತ್ತಾ ಇರ್ತಾವೆ.

ಸಮಸ್ಯೆ ಇರೋದು ಇಲ್ಲೇ. ಬಡಾವಣೆಗಳ ಕೊಳಚೆ ನೀರು ಕೆರೆಗೆ ಬಂದರೆ ಅದರ ಜೊತೆ ಸಾರಜನಕ, ರಂಜಕ ಬರ್ತದೆ. ರೈತರು ಹೊಲಕ್ಕೆ ಹಾಕುವ ಯೂರಿಯಾ, ಡಿಎಪಿಯಲ್ಲಿ ಇರೋದೂ ಇವೇ. ಅಂದ್ರೆ ದಿನಾ ಕೆರೆಗೆ ಗೊಬ್ಬರ ಹಾಕಿದಂಗೆ. ಹೊಲದಲ್ಲಿ ಬೆಳೆ ಬರ್ತದೆ, ಕೆರೆಯಲ್ಲಿ ಕಳೆ ಬರ್ತದೆ.

ಅಂತರಗಂಗೆ ಎಲ್ಲಿ ಅಡ್ಡ ಬರ್ತದೆ?

ನೇರಳೆ ಹೂವಿನ ಈ ಕಳೆಯ ತವರು ದಕ್ಷಿಣ ಅಮೆರಿಕ. ಅಲ್ಲಿ ಇದನ್ನು ತಿನ್ನುವ ಹುಳು ಇದ್ದಾವೆ. ಇಲ್ಲಿ ಹೆಚ್ಚುಕಮ್ಮಿ ಯಾರೂ ತಿನ್ನಲ್ಲ. ನೀರ ಮೇಲೆ ಚಾಪೆ ಹಾಸಿದಂಗೆ ಹರಡಿ ಬಿಸಿಲೆಲ್ಲ ತಾನೇ ಹಿಡೀತದೆ. ಕೆಳಗೆ ಕತ್ತಲೆ, ಪಾಚಿಗೆ ಬೆಳಕಿಲ್ಲ. ಕಳೆ ಹಿಡಿದ ಶಕ್ತಿ ಮೀನಿನ ಹೊಟ್ಟೆಗೆ ಹೋಗಲ್ಲ, ಕೊಳೆಯೋದಕ್ಕೆ ಹೋಗ್ತದೆ.

ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು. ಅದನ್ನು ನೀರಿನಿಂದಲೇ ತೊಗೊಳ್ತಾವೆ. ಮೇಲೆ ಚಾಪೆ ಇರೋದ್ರಿಂದ ಗಾಳಿಯಿಂದ ಹೊಸ ಆಮ್ಲಜನಕ ಇಳಿಯೋದೂ ಕಮ್ಮಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಾರ ಮೀನು ಸಾಕಲು ಯೋಗ್ಯವಾದ 'ಡಿ' ದರ್ಜೆ ನೀರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಅದಕ್ಕಿಂತ ಬಹಳ ಇಳಿದರೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಾವೆ, ಆಮೇಲೆ ತೇಲ್ತಾವೆ. ಇಂಥ ಸಾವಿಗೆ ವಿಷವೇ ಬೀಳಬೇಕಂತಿಲ್ಲ, ಉಸಿರು ಕಟ್ಟಿದರೂ ಸಾಕು.

ಬರೀ ತೆಗೆದರೆ ಸಾಲಲ್ಲ

ಅನುಕೂಲ ಇದ್ದರೆ ಅಂತರಗಂಗೆ ಸುಮಾರು ಎರಡು ವಾರಕ್ಕೆ ದುಪ್ಪಟ್ಟು ಆಗ್ತದೆ. 200 ಎಕರೆಯಲ್ಲಿ 199 ಎಕರೆ ಸ್ವಚ್ಛ ಮಾಡಿ ಒಂದು ಎಕರೆಯಷ್ಟು ಬಿಟ್ಟರು ಅಂತ ಇಟ್ಟುಕೊಳ್ಳಿ. 1, 2, 4, 8 ಅಂತ ಎಂಟು ಸಲ ದುಪ್ಪಟ್ಟಾದರೆ 256. ಅಂದ್ರೆ 16 ವಾರದೊಳಗೆ ಕೆರೆ ಮತ್ತೆ ತುಂಬ್ತದೆ. ಪೂರ್ತಿ ತೆಗೆದರೂ ತಳದ ಕೆಸರಲ್ಲಿ ಬೀಜ ಇರ್ತಾವೆ. ಅವು ಹತ್ತಾರು ವರ್ಷ ಬದುಕ್ತಾವೆ.

ಇದನ್ನು ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲಿ ವಿಜ್ಞಾನಿಗಳು ತರಿಸಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಆದರೆ ಹುಳುವಿನ ಕೆಲಸ ನಿಧಾನ. ಕೊಳಚೆ ಬರ್ತಾನೇ ಇದ್ದರೆ ಹುಳು ತಿನ್ನೋದಕ್ಕಿಂತ ಕಳೆ ಬೆಳೆಯೋದೇ ಜೋರು.

ಹಾಗಂತ ಕಳೆ ತೆಗೆಯೋದು ದಂಡ ಅಲ್ಲ. ಕಳೆಯ ಮೈಯಲ್ಲಿ ಕೊಳಚೆಯ ಸಾರಜನಕ, ರಂಜಕ ತುಂಬಿರ್ತದೆ. ಕಳೆ ದೂರ ಸಾಗಿಸಿದರೆ ಅಷ್ಟು ಗೊಬ್ಬರ ಕೆರೆಯಿಂದ ಹೊರಗೆ ಹೋದಂಗೆ. ದಂಡೆ ಮೇಲೇ ರಾಶಿ ಹಾಕಿದರೆ ಕೊಳೆತು ಮಳೆ ನೀರಿನ ಜೊತೆ ಮತ್ತೆ ಕೆರೆಗೇ ಇಳೀತದೆ.

ನಾವು ಕೇಳಬೇಕಾದ ಮೂರು ಪ್ರಶ್ನೆ

ಮುಂದಿನ ಸಲ ಕೆರೆ ಸ್ವಚ್ಛತೆ ಅಂತ ಸುದ್ದಿ ಬಂದಾಗ ಪಾಲಿಕೆಗೆ, ನಿಮ್ಮ ವಾರ್ಡ್ ಸದಸ್ಯರಿಗೆ ಇಷ್ಟು ಕೇಳಿ.

1. ಯಾವ ಯಾವ ಕಾಲುವೆಯ ಕೊಳಚೆ ಕೆರೆಗೆ ಸೇರ್ತಿದೆ? ಅದನ್ನು ಒಳಚರಂಡಿಗೆ ತಿರುಗಿಸೋದು ಯಾವಾಗ?

2. ತೆಗೆದ ಕಳೆಯನ್ನು ಎಲ್ಲಿಗೆ ಸಾಗಿಸ್ತೀರಿ? ಕಾಂಪೋಸ್ಟ್ ಆಗ್ತದಾ, ದಂಡೆ ಮೇಲೆ ಬೀಳ್ತದಾ?

3. ನೀರಿನ ಆಮ್ಲಜನಕ ಪರೀಕ್ಷೆ ಎಷ್ಟು ಗಂಟೆಗೆ ಮಾಡ್ತೀರಿ? ಹಗಲು ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡ್ತದೆ, ಹಂಗಾಗಿ ಮಧ್ಯಾಹ್ನದ ನೀರು ಪಾಸ್ ಆಗಬಹುದು. ರಾತ್ರಿಯೆಲ್ಲ ಎಲ್ಲ ಜೀವಿಗಳೂ ಆಮ್ಲಜನಕ ಬಳಸ್ತಾವೆ. ಅದಕ್ಕೇ ಅತಿ ಕಮ್ಮಿ ಇರೋದು ಬೆಳಕು ಹರಿಯೋ ಮುಂಚೆ.

ಇನ್ನು ಮೀನಿಗೆ ಅಂತ ಚುರಮುರಿ, ಬ್ರೆಡ್ ಎಸೆಯೋರು ಒಂದು ನೆನಪಿಡಿ. ಮೀನು ಬಿಟ್ಟ ಚೂರು ತಳಕ್ಕೆ ಹೋಗಿ ಕೊಳೀತದೆ. ಕೊಳಚೆಗೆ ಹೋಲಿಸಿದರೆ ಅದು ಸಣ್ಣದು. ಆದರೆ ಕೆರೆಗೆ ಈಗ ಕಮ್ಮಿ ಇರೋದು ಊಟ ಅಲ್ಲ, ಬಿಸಿಲು ಮತ್ತು ಉಸಿರು.