ಪೇಟೆಯ ಅಂಗಡಿಗೆ ರಜೆ ಬಂದ ಬಗೆ

ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಿಂದ ದಕ್ಷಿಣಾಭಿಮುಖವಾಗಿ ಹೊರಟು, ಹಿಂದಿನವರು ದೊಡ್ಡಪೇಟೆ ಎಂದು ಕರೆಯುತ್ತಿದ್ದ ಅವೆನ್ಯೂ ರಸ್ತೆಯ ಇಕ್ಕಟ್ಟಿನಲ್ಲಿ ನಡೆದು ಚಿಕ್ಕಪೇಟೆಯ ಚೌಕಕ್ಕೆ ಬಂದು ನಿಂತವನು, 1537ರಲ್ಲಿ ಕೆಂಪೇಗೌಡನು ನಾಲ್ಕು ಜೊತೆ ಎತ್ತುಗಳನ್ನು ಕಟ್ಟಿಸಿ ನಾಲ್ಕು ದಿಕ್ಕಿಗೂ ನೇಗಿಲ ಗೆರೆಯನ್ನು ಎಳೆಸಿದನೆಂದು ಐತಿಹ್ಯವು ಹೇಳುವ ಸ್ಥಳದಲ್ಲಿಯೇ ನಿಂತಿರುತ್ತಾನೆ. ಆ ಗೆರೆಗಳ ಸುತ್ತ ಬೆಳೆದ ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ, ಗಾಣಿಗರಪೇಟೆ, ಬಳೇಪೇಟೆಗಳಲ್ಲಿ ಯಾವ ಯಾವ ಸರಕು ಮಾರಾಟವಾಗುತ್ತಿದ್ದಿತೆಂಬುದನ್ನು ಅವುಗಳ ಹೆಸರುಗಳೇ ಸಾರುತ್ತವೆ. ಊರನ್ನು ಕಟ್ಟಿದ ಪ್ರಭುವಿನ ವಿಷಯವನ್ನೂ, ಕೋಟೆಯನ್ನು ಮುತ್ತಿದ ಸೈನ್ಯಗಳ ವಿಷಯವನ್ನೂ ಬೇಕಾದಷ್ಟು ಮಂದಿ ಬರೆದಿದ್ದಾರೆ. ಆದರೆ ಈ ಬೀದಿಗಳ ಜವಳಿ ಅಂಗಡಿಗಳಲ್ಲಿ ಬೆಳಗಿನಿಂದ ಇರುಳಿನವರೆಗೆ ಸೀರೆಯ ಮಡಿಕೆಗಳನ್ನು ಬಿಚ್ಚಿ ತೋರಿಸಿ, ಗಿರಾಕಿ ಎದ್ದುಹೋದ ಮೇಲೆ ಅವನ್ನೆಲ್ಲ ಮತ್ತೆ ಮಡಿಸಿಡುತ್ತಿದ್ದ ಗುಮಾಸ್ತೆಗೆ ಎಂದು ಬಿಡುವು ದೊರೆಯುತ್ತಿದ್ದಿತು, ಆ ಬಿಡುವನ್ನು ಕೊಡುವ ಅಧಿಕಾರ ಯಾರದಾಗಿದ್ದಿತು ಎಂಬುದನ್ನು ವಿಚಾರಿಸಿದವರು ವಿರಳ. ಈ ವಿಚಾರಣೆ ಅಲ್ಪವಾದುದೆಂದು ನನಗೆ ತೋರುವುದಿಲ್ಲ. ಏಕೆಂದರೆ ಇಂದು ದೊಡ್ಡ ದೊಡ್ಡ ಸಂಸ್ಥೆಗಳ ಎಚ್.ಆರ್. ಅಧಿಕಾರಿಗಳ ಮೇಜಿಗೆ ಬರುವ ರಜೆಯ ತಕರಾರುಗಳಲ್ಲಿ ಅನೇಕವು ಈ ಪೇಟೆಯ ಗಾದಿಯ ಮೇಲೆಯೇ ಮೊದಲು ಹುಟ್ಟಿದವುಗಳು.

ನಮ್ಮ ನಾಡಿನಲ್ಲಿ ಬಿಡುವಿನ ದಿನಗಳು ಹಿಂದೆ ಇರಲಿಲ್ಲವೆಂದು ಹೇಳಲಾಗದು. ಸೋಮವಾರ ಬಸವನ ದಿನವೆಂದು ಅನೇಕ ಊರುಗಳಲ್ಲಿ ರೈತನು ಎತ್ತಿನ ಹೆಗಲಿಗೆ ನೊಗವನ್ನು ಏರಿಸುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಬಡಗಿಯೂ ಗಾರೆಯವನೂ ಉಪಕರಣವನ್ನು ಮುಟ್ಟುತ್ತಿರಲಿಲ್ಲ. ಮಹಾನವಮಿಯಂದು ಉಳಿ, ಕತ್ತರಿ, ತಕ್ಕಡಿಗಳೆಲ್ಲ ಅರಿಸಿನ ಕುಂಕುಮಗಳನ್ನು ಧರಿಸಿ ಪೂಜೆಗೊಳ್ಳುತ್ತಿದ್ದುವು. ಕೈಕಸುಬಿನವರ ಈ ಬಿಡುವಿನಲ್ಲಿ ಒಂದು ಸಮಾನತೆಯೂ ಇದ್ದಿತು: ಮಗ್ಗ ನಿಂತರೆ ಯಜಮಾನನಿಗೂ ಆಳಿಗೂ ಒಟ್ಟಿಗೆ ನಿಲ್ಲುತ್ತಿದ್ದಿತು. ವ್ಯಾಪಾರದ ಸ್ವಭಾವ ಹಾಗಲ್ಲ. ಊರವರೆಲ್ಲ ಕೆಲಸವನ್ನು ಬಿಟ್ಟು ಹಬ್ಬಕ್ಕೆ ಸಿದ್ಧರಾಗುವ ಹೊತ್ತೇ ಅಂಗಡಿಗೆ ಜನ ನುಗ್ಗುವ ಹೊತ್ತು. ವರಮಹಾಲಕ್ಷ್ಮೀ ವ್ರತಕ್ಕೆ ಸೀರೆ, ದೀಪಾವಳಿಗೆ ಹೊಸ ಬಟ್ಟೆ, ಯುಗಾದಿಗೆ ಪಂಚೆ, ವೈಶಾಖದಲ್ಲಿ ಮದುವೆಯ ಜವಳಿ. ಹೀಗೆ ಪರರ ಉತ್ಸವವೇ ತನ್ನ ದುಡಿಮೆಯ ಪರಾಕಾಷ್ಠೆಯಾಗಿದ್ದ ಗುಮಾಸ್ತೆಗೆ ಎತ್ತಿಗಿದ್ದ ಸೋಮವಾರದಂಥ ನಿಶ್ಚಿತವಾದ ಬಿಡುವೂ ಇರಲಿಲ್ಲವೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಇದರೊಡನೆ ದಿನದ ಅವಧಿಯೂ ಬೆಳೆಯಿತು. ಎಣ್ಣೆಯ ದೀಪದ ಮಂದ ಬೆಳಕಿನಲ್ಲಿ ರೇಷ್ಮೆಯ ಬಣ್ಣವನ್ನು ನಿಶ್ಚಯಿಸಿ ಹೇಳುವುದು ಕಷ್ಟವಾದುದರಿಂದ, ಸೂರ್ಯಾಸ್ತವೇ ಜವಳಿ ವ್ಯಾಪಾರಕ್ಕೆ ಒಂದು ಮಟ್ಟಿನ ಎಲ್ಲೆಯಾಗಿದ್ದಿತು. ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ದೀಪಗಳನ್ನು ಬೆಳಗಿಸಿತು. ಈ ನಗರಕ್ಕೆ ಹೆಮ್ಮೆಯನ್ನು ತಂದ ಆ ಬೆಳಕೇ ಮುಂದೆ ಅಂಗಡಿಗಳ ಒಳಗೂ ಬಂದು, ಬಾಗಿಲು ಹಾಕುವ ಹೊತ್ತನ್ನು ಇರುಳಿನೊಳಕ್ಕೆ ತಳ್ಳುವುದಕ್ಕೂ ಸಾಧನವಾಯಿತು.

ಅಂದಿನ ಸಾಹುಕಾರರೆಲ್ಲ ನಿರ್ದಯರಾಗಿದ್ದರೆಂದು ಬರೆದರೆ ಅದು ಅನ್ಯಾಯವಾದೀತು. ಹಳ್ಳಿಯಿಂದ ಬಂದ ನೆಂಟರ ಹುಡುಗನನ್ನೋ ಪರಿಚಿತರ ಮಗನನ್ನೋ ಅಂಗಡಿಗೆ ಸೇರಿಸಿಕೊಂಡು, ಮನೆಯಲ್ಲಿಯೇ ಊಟವಿಕ್ಕಿ, ಅಂಗಡಿಯ ಅಟ್ಟದ ಮೇಲೆ ಮಲಗಲು ಎಡೆಗೊಟ್ಟು, ವ್ಯಾಪಾರದ ಮರ್ಮವನ್ನು ಕಲಿಸಿ, ಕೊನೆಗೆ ಅವನ ಮದುವೆಯ ಖರ್ಚನ್ನೂ ತಾವೇ ವಹಿಸಿದ ಯಜಮಾನರು ಅನೇಕರುಂಟು. ಆದರೆ ಈ ಔದಾರ್ಯದಲ್ಲಿಯೇ ಒಂದು ದೋಷವು ಅಡಗಿದ್ದಿತು. ಮನೆಯ ಮಗನಂತೆ ಇರುವವನು ರಜೆಯನ್ನು ಹಕ್ಕೆಂದು ಕೇಳುವುದುಂಟೆ? ಯಜಮಾನರ ಚಿತ್ತ ಪ್ರಸನ್ನವಾಗಿದ್ದರೆ ನಾಲ್ಕು ದಿನ ಊರಿಗೆ ಹೋಗಿಬರಬಹುದು. ಅಪ್ರಸನ್ನವಾಗಿದ್ದರೆ ತಾಯಿಗೆ ಕಾಯಿಲೆಯೆಂಬ ಕಾಗದ ಬಂದರೂ ಶ್ರಾವಣ ಕಳೆಯಲೆಂಬ ಉತ್ತರ ಬರಬಹುದು. ಇಬ್ಬರು ಗುಮಾಸ್ತೆಗಳು ಒಂದೇ ಕಾರಣಕ್ಕಾಗಿ ಕೇಳಿದಾಗ ಒಬ್ಬನಿಗೆ ದೊರೆತು ಇನ್ನೊಬ್ಬನಿಗೆ ದೊರೆಯದಿದ್ದರೆ, ದೊರೆಯದವನು ಬೆರಳಿಟ್ಟು ತೋರಿಸಲು ಬರಹದಲ್ಲಿ ಯಾವ ನಿಯಮವೂ ಇರಲಿಲ್ಲ. ರಜೆ ಇಲ್ಲದಿರುವುದಕ್ಕಿಂತ, ಇರುವ ರಜೆ ಒಬ್ಬನ ಮುಖಪ್ರಸಾದವನ್ನು ಅವಲಂಬಿಸಿರುವುದೇ ಹೆಚ್ಚಿನ ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ಒಂದು ಅಂಗಡಿಯ ಹಳೆಯ ಹಾಜರಿ ಪುಸ್ತಕವನ್ನು ನೋಡುವ ಅವಕಾಶ ನನಗೆ ಒದಗಿದ್ದಿತು. ಕೆಂಪು ಬಟ್ಟೆಯ ಹೊದಿಕೆಯ, ಉದ್ದನೆಯ ಪುಸ್ತಕ. ಮೊದಲ ಪುಟದಲ್ಲಿ ಶ್ರೀಕಾರ, ಅದರ ಕೆಳಗೆ ಮಾಸಿದ ಕುಂಕುಮದ ಗುರುತು. ಎಡಕ್ಕೆ ಹೆಸರುಗಳು, ಬಲಕ್ಕೆ ತಿಂಗಳ ದಿನಗಳ ಸಣ್ಣ ಸಣ್ಣ ಮನೆಗಳು. ಬಂದವನಿಗೆ ‘ಹಾ’, ಬಾರದವನಿಗೆ ‘ಗೈ’. ದೀಪಾವಳಿಗೆ ಮುಂಚಿನ ದಿನಗಳಲ್ಲಿ ಪುಟದ ತುಂಬ ‘ಹಾ’ಕಾರವೇ ಹೊರತು ಬೇರೊಂದು ಅಕ್ಷರವಿಲ್ಲ. ಹಬ್ಬ ಕಳೆದ ಮೇಲೆ ಒಬ್ಬನ ಸಾಲಿನಲ್ಲಿ ಶನಿವಾರ ಒಂದು ‘ಗೈ’, ಸೋಮವಾರ ಒಂದು ‘ಗೈ’. ನಡುವಣ ಭಾನುವಾರ ಅಂಗಡಿಯೇ ಮುಚ್ಚಿದ್ದರಿಂದ ಆ ಮನೆ ಖಾಲಿ. ಆದರೆ ಪುಟದ ಅಂಚಿನಲ್ಲಿ, ಬೇರೆ ಮಸಿಯಲ್ಲಿ, ಮೂರು ದಿನದ ಸಂಬಳ ಮುರಿದ ಲೆಕ್ಕ. ಮುಚ್ಚಿದ ಅಂಗಡಿಗೆ ಬಾರದೆ ಇದ್ದುದಕ್ಕಾಗಿ ಒಬ್ಬ ಮನುಷ್ಯನ ಒಂದು ದಿನದ ಅನ್ನ ಕಡಿಮೆಯಾದ ಆ ಅಂಚಿನ ಬರಹವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆನು. ಈ ಪದ್ಧತಿಯೇ ‘ಸ್ಯಾಂಡ್‌ವಿಚ್ ರಜೆ’ ಎಂಬ ಹೆಸರಿನಿಂದ ಇಂದಿನ ಎಷ್ಟೋ ಕಂಪನಿಗಳ ನಿಯಮಾವಳಿಯಲ್ಲಿ ಅಚ್ಚಾಗಿ ಕುಳಿತಿದೆ.

ಗುಮಾಸ್ತೆಯ ಈ ಸ್ಥಿತಿ ಎದ್ದು ಕಾಣುತ್ತಿದ್ದುದು ಅವನ ನೆರೆಯವರೊಡನೆ ಹೋಲಿಸಿದಾಗ. 1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕಿನ ನೌಕರನಿಗೆ ಅದೇ ಬೀದಿಯ ತುದಿಯಲ್ಲಿಯೇ ಭಾನುವಾರದ ಬಿಡುವೂ, ಸರ್ಕಾರದ ಪ್ರಕಟಣೆಯಿಂದ ನಿಶ್ಚಿತವಾದ ರಜಾದಿನಗಳೂ ಇದ್ದುವು. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು ಬಿನ್ನಿ ಗಿರಣಿಯೆಂದು ಹೆಸರಾಗಿ, ಅದರ ಕೂಗು ಕೇಳಿ ಹೋಗಿಬರುವ ಕಾರ್ಮಿಕರ ಸಮುದಾಯವೊಂದು ಪೇಟೆಯ ಪಶ್ಚಿಮಕ್ಕೆ ಬೆಳೆದಿದ್ದಿತು. ಗಿರಣಿಯವರಿಗೆ ಬಿಡುವು ಸುಲಭವಾಗಿ ಬಂದುದಲ್ಲ. 1881ರ ಕಾರ್ಖಾನೆ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಮಕ್ಕಳ ದುಡಿಮೆಗೆ ಮಾತ್ರ ಮಿತಿಯನ್ನು ಕಲ್ಪಿಸಿದ್ದಿತು. ಮುಂಬಯಿಯ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಸಂಘಟಿಸಿ, ಮನವಿಯ ಮೇಲೆ ಮನವಿಯನ್ನು ಸಲ್ಲಿಸಿ ಹೋರಾಡಿದ ಫಲವಾಗಿ 1890ರಲ್ಲಿ ಅಲ್ಲಿನ ಗಿರಣಿಗಳ ಒಡೆಯರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾಯಿದೆಯಲ್ಲಿ ವಾರದ ಬಿಡುವಿಗೆ ಸ್ಥಾನ ದೊರೆಯಿತು. ಆದರೆ ಕಾರ್ಖಾನೆಗೆ ಗೋಡೆಯುಂಟು, ಚಿಮಣಿಯುಂಟು, ಒಂದೇ ಕಡೆ ಸಾವಿರ ಮಂದಿಯುಂಟು. ಮೂವರು ನಾಲ್ವರು ಕುಳಿತು ಕೆಲಸ ಮಾಡುವ ಚಿಕ್ಕಪೇಟೆಯ ಅಂಗಡಿ ಶಾಸನಕರ್ತರ ಕಣ್ಣಿಗೆ ಬೀಳಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಮೊದಲು ಎಚ್ಚೆತ್ತುದು ಮುಂಬಯಿ ಪ್ರಾಂತ್ಯ. ಅಂಗಡಿ ಮುಂಗಟ್ಟುಗಳ ನೌಕರರಿಗಾಗಿ ಅಲ್ಲಿ 1939ರಲ್ಲಿ ಒಂದು ಕಾಯಿದೆ ಆಯಿತು. 1942ರಲ್ಲಿ ಕೇಂದ್ರ ಶಾಸನಸಭೆ ವಾರದ ರಜೆಯ ಕಾಯಿದೆಯನ್ನು ಅಂಗೀಕರಿಸಿತು. ಅಂಗಡಿ ವಾರದಲ್ಲಿ ಯಾವ ದಿನ ಮುಚ್ಚಿರುವುದೆಂಬುದನ್ನು ಎಲ್ಲರಿಗೂ ಕಾಣುವೆಡೆ ಬರೆದು ಹಾಕತಕ್ಕದ್ದೆಂದೂ, ಆ ದಿನವನ್ನು ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚಾಗಿ ಬದಲಿಸಕೂಡದೆಂದೂ, ಮುಚ್ಚಿದ ದಿನಕ್ಕಾಗಿ ಸಂಬಳವನ್ನು ಮುರಿಯಕೂಡದೆಂದೂ ಅದರಲ್ಲಿ ವಿಧಿಸಲಾಗಿದ್ದಿತು. ಬರೆದು ಹಾಕಬೇಕೆಂಬ ಆ ಒಂದು ವಿಧಿಯೇ ಇಡೀ ಶಾಸನದ ಜೀವವೆಂದು ನಾನು ತಿಳಿಯುತ್ತೇನೆ: ಗೋಡೆಯ ಮೇಲಿನ ಬರಹಕ್ಕೆ ಯಜಮಾನನೂ ಗುಮಾಸ್ತೆಯೂ ಸಮಾನವಾಗಿ ಬದ್ಧರು. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿ ಫಲಿಸಿ 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ಬಳಿಕ, 1948ರಲ್ಲಿ ಮೈಸೂರಿಗೂ ಅಂಗಡಿಗಳ ಕಾಯಿದೆ ಬಂದಿತು. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಬೆಳಗಾವಿಗೆ ಮುಂಬಯಿಯ ನಿಯಮ, ಮಂಗಳೂರಿಗೆ ಮದರಾಸಿನ ನಿಯಮ, ಚಿಕ್ಕಪೇಟೆಗೆ ಮೈಸೂರಿನ ನಿಯಮ ಎಂಬ ವಿಚಿತ್ರ ಸ್ಥಿತಿಯುಂಟಾಗಿ, ಅದನ್ನು ಸರಿಪಡಿಸಲು ರೂಪುಗೊಂಡುದೇ ಇಂದಿಗೂ ನಮ್ಮ ಅಂಗಡಿಗಳಿಗೆ ಆಧಾರವಾಗಿರುವ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ.

ಈ ಕಾಯಿದೆಯಿಂದ ಗುಮಾಸ್ತೆಯ ದಿನಕ್ಕೆ 9 ಗಂಟೆಯ, ವಾರಕ್ಕೆ 48 ಗಂಟೆಯ ಮಿತಿ ಉಂಟಾಯಿತು. ವಾರದಲ್ಲಿ ಒಂದು ಪೂರ್ಣ ದಿನದ ಬಿಡುವು ನಿಶ್ಚಿತವಾಯಿತು. ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತವಾದ ರಜೆ ಗಳಿಕೆಯಾಗತೊಡಗಿತು. ಕಾಯಿಲೆಗೂ ಇತರ ನ್ಯಾಯವಾದ ಕಾರಣಗಳಿಗೂ ವರ್ಷಕ್ಕೆ 12 ದಿನ ಬೇರೆ. ವರ್ಷಕ್ಕೆ 300 ದಿನ ದುಡಿದವನಿಗೆ 15 ದಿನ ಗಳಿಕೆ ರಜೆ: ಹಳ್ಳಿಯಲ್ಲಿ ತಂಗಿಯ ಮದುವೆಯನ್ನು ಮುಗಿಸಿ, ತಂದೆಯ ಶ್ರಾದ್ಧವನ್ನೂ ಮಾಡಿ ಬರಲು ಸಾಕಾಗುವಷ್ಟು ಕಾಲ. ಯಜಮಾನರ ಕಾಲಿಗೆ ಬೀಳದೆ ಇಷ್ಟು ದಿನ ಊರಿಗೆ ಹೋಗಿಬರಬಹುದೆಂಬುದನ್ನು ಕೇಳಿದ ಮೊದಲ ತಲೆಮಾರಿನ ಗುಮಾಸ್ತೆಯ ಸಂತೋಷ ಎಂಥದಾಗಿದ್ದಿರಬೇಕೆಂಬುದನ್ನು, ರಜೆಯ ಅರ್ಜಿಯನ್ನು ಕೈಫೋನಿನಲ್ಲಿ ಒತ್ತಿ ಕಳುಹಿಸುವ ನಾವು ಊಹಿಸುವುದು ಕಷ್ಟ.

ವಾರದ ಬಿಡುವಿಗಿಂತ ಹಬ್ಬದ ಬಿಡುವಿನ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಎಷ್ಟು ದಿನವೆಂಬುದರ ಜೊತೆಗೆ ಯಾರ ಹಬ್ಬವೆಂಬ ಪ್ರಶ್ನೆಯೂ ಅಲ್ಲಿ ಏಳುತ್ತದೆ. ಚಿಕ್ಕಪೇಟೆಯ ಅಂಗಡಿಗಳ ಒಡೆಯರಲ್ಲಿ ಶೆಟ್ಟರು, ನಗರ್ತರು, ದೇವಾಂಗರು, ಮಾರ್ವಾಡಿಗಳು, ಗುಜರಾತಿಗಳು, ಮುಸಲ್ಮಾನರು ಎಲ್ಲರೂ ಉಂಟು. ಒಳಗೆ ದುಡಿಯುವವರಲ್ಲಿ ಇನ್ನೂ ಹೆಚ್ಚಿನ ವೈವಿಧ್ಯ. ತಿಗಳರಪೇಟೆಯ ಹುಡುಗನಿಗೆ ಚೈತ್ರ ಪೌರ್ಣಮಿಯ ಇರುಳು ಧರ್ಮರಾಯನ ಗುಡಿಯಿಂದ ಹೊರಡುವ ಕರಗವೇ ವರ್ಷದ ಮಹೋತ್ಸವ. ಆ ಕರಗವು ಹಾದಿಯಲ್ಲಿ ನಿಂತು ಗೌರವವನ್ನು ಸಲ್ಲಿಸುವ ಮಸ್ತಾನ್ ಸಾಹೇಬರ ದರ್ಗಾದ ಬಳಿ ವಾಸಿಸುವವನಿಗೆ ರಂಜಾನ್ ದೊಡ್ಡದು. ಬಸವನಗುಡಿಯಿಂದ ಬರುವವನಿಗೆ ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ, ಅದೂ ಭಾನುವಾರದ ಮರುದಿನವೇ ಬಂದು ಅಂಗಡಿಯ ಕೆಲಸಕ್ಕೆ ಸಿಕ್ಕಿಬೀಳುವ ಉತ್ಸವ. ಯಜಮಾನನು ತನ್ನ ಪಂಚಾಂಗದ ಹಬ್ಬಗಳಿಗೆ ಬಾಗಿಲು ಹಾಕಿ, ಇಷ್ಟು ರಜೆ ಕೊಟ್ಟಿದ್ದೇನೆಂದು ಲೆಕ್ಕ ತೋರಿಸಿದರೆ, ಆ ಲೆಕ್ಕದಲ್ಲಿ ತಪ್ಪಿಲ್ಲದಿದ್ದರೂ ನ್ಯಾಯವಿಲ್ಲ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ಈ ಗಂಟನ್ನು ಬಿಡಿಸಲು ಯತ್ನಿಸಿತು. ಈಗಿರುವಂತೆ ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಂಬ ಐದು ದಿನಗಳು ಎಲ್ಲರಿಗೂ ಸಮಾನ. ಮಿಕ್ಕ ಐದು ಹಬ್ಬದ ದಿನಗಳನ್ನು ಮಾಲೀಕನೊಬ್ಬನ ಇಚ್ಛೆಗೆ ಬಿಡದೆ ನೌಕರರ ಅಭಿಪ್ರಾಯವನ್ನೂ ಕೇಳಿ ಗೊತ್ತುಮಾಡಬೇಕು. ರಜೆಯ ದಿನ ದುಡಿಸಿಕೊಂಡರೆ ಇಮ್ಮಡಿ ಸಂಬಳ, ಇಲ್ಲವೆ ಆ ದಿನದ ಸಂಬಳದೊಡನೆ ಬದಲಿಗೆ ಇನ್ನೊಂದು ದಿನದ ಬಿಡುವು.

ಕೇಳಬೇಕೆಂದು ಕಾಯಿದೆ ಹೇಳಿತು, ಕೇಳುವವರಾರು? 500 ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗೆ 1948ರ ಕಾರ್ಖಾನೆ ಕಾಯಿದೆಯಂತೆ ಕಾರ್ಮಿಕ ಕಲ್ಯಾಣಾಧಿಕಾರಿಯೊಬ್ಬನು ಇರಲೇಬೇಕಾಗಿದ್ದಿತು. ಪೇಟೆಯ ಅಂಗಡಿಗೆ ಅಂಥವನಿರಲಿಲ್ಲ. ಹಾಜರಿ ಪುಸ್ತಕವನ್ನು ಬರೆಯುವ ಹಿರಿಯ ಗುಮಾಸ್ತೆಯೇ ಅಲ್ಲಿ ಆ ಸ್ಥಾನದಲ್ಲಿದ್ದನು, ಮತ್ತು ಅವನು ಯಜಮಾನನ ಸಂಬಳವನ್ನು ಉಣ್ಣುತ್ತ ಸಹೋದ್ಯೋಗಿಗಳ ಬಿಡುವನ್ನು ಕಾಯಬೇಕಾದ ಸಂಕಟದಲ್ಲಿದ್ದನು. ಇಂದಿನ ಎಚ್.ಆರ್. ಅಧಿಕಾರಿಯ ಸಂಕಟವೂ ಅದೇ. ಚಿಕ್ಕಪೇಟೆಯಲ್ಲಿ ಗಾದಿ ಹಾಕಿ ಆರಂಭವಾಗಿ ಈಗ ನಾಲ್ಕು ಬಡಾವಣೆಗಳಲ್ಲಿ ಮಹಡಿಗಳನ್ನು ಎಬ್ಬಿಸಿರುವ ಸೀರೆಯ ಮಳಿಗೆಯಲ್ಲಿ ಅವನು ಕುಳಿತಿದ್ದರೆ, ಹಬ್ಬದ ತಿಂಗಳಿನಲ್ಲಿ ಯಾರಿಗೂ ರಜೆ ಇಲ್ಲವೆಂಬ ಸುತ್ತೋಲೆಗೆ ಅವನ ಸಹಿಯೇ ಬೀಳುತ್ತದೆ. ಅಂಥವನ ಮುಂದೆ ಎರಡು ಕೆಲಸಗಳಿವೆಯೆಂದು ನನ್ನ ನಂಬಿಕೆ. ವರ್ಷ ಕಾಲಿಡುವ ಮುನ್ನವೇ ಎಲ್ಲರನ್ನೂ ಕೂರಿಸಿಕೊಂಡು ಯಾರಿಗೆ ಯಾವ ಹಬ್ಬ ಮುಖ್ಯವೆಂಬುದನ್ನು ಕೇಳಿ ಬರೆದಿಡುವುದು ಒಂದು. ದೀಪಾವಳಿಗೆ ಮನೆಗೆ ಹೋಗುವವನ ಕೆಲಸವನ್ನು ಮುಸಲ್ಮಾನ ಗೆಳೆಯನೂ, ರಂಜಾನಿಗೆ ಅವನ ಕೆಲಸವನ್ನು ಇವನೂ ಹೊತ್ತುಕೊಳ್ಳುವ ಸೌಹಾರ್ದ ಪೇಟೆಯಲ್ಲಿ ಹಿಂದಿನಿಂದ ಬಂದುದೇ. ಅದು ಬಾಯಿಮಾತಿನಲ್ಲಿ ಉಳಿಯದೆ ಪುಸ್ತಕಕ್ಕೆ ಏರಬೇಕು. ಎರಡನೆಯದು ಕಠಿನವಾದುದು: ಅಂಚಿನಲ್ಲಿ ಬೇರೆ ಮಸಿಯಲ್ಲಿ ಬರೆಯಲು ಒಪ್ಪದಿರುವುದು. ರಜೆಯ ನಡುವೆಯಾಗಲಿ ಅದರ ಎರಡು ತುದಿಗಳಲ್ಲಾಗಲಿ ಬರುವ ಬಿಡುವಿನ ದಿನಗಳನ್ನು ಗಳಿಕೆ ರಜೆಯ ಲೆಕ್ಕಕ್ಕೆ ಸೇರಿಸಕೂಡದೆಂದು 1948ರ ಕಾರ್ಖಾನೆ ಕಾಯಿದೆಯೇ ಸ್ಪಷ್ಟವಾಗಿ ಹೇಳಿದ್ದಿತು. ಗಿರಣಿಯವನಿಗೆ ಸಂದ ಈ ನ್ಯಾಯವನ್ನು ಜವಳಿ ಅಂಗಡಿಯವನಿಗೂ ಕಚೇರಿಯವನಿಗೂ ಕೊಡಲಾಗದೆಂದು ವಾದಿಸುವವರ ತರ್ಕ ನನಗೆ ಅರ್ಥವಾಗಿಲ್ಲ.

2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನವೂ, ದಿನದ ಎಲ್ಲ ಹೊತ್ತೂ ತೆರೆದಿರಬಹುದೆಂದು ಅನುಮತಿಯನ್ನು ಕೊಟ್ಟಿತು. ಅದರೊಡನೆ ಪ್ರತಿಯೊಬ್ಬನಿಗೂ ಸರದಿಯ ಮೇಲೆ ವಾರಕ್ಕೊಂದು ದಿನದ ಬಿಡುವು ಸಲ್ಲತಕ್ಕದ್ದೆಂದೂ, ಅಂದಂದು ರಜೆಯಲ್ಲಿರುವವರ ವಿವರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸತಕ್ಕದ್ದೆಂದೂ ನಿಬಂಧನೆಗಳನ್ನು ಹಾಕಿತು. ಬಾಗಿಲು ಮುಚ್ಚುವ ಭಾನುವಾರ ಎಲ್ಲರ ಕಣ್ಣಿಗೂ ಬೀಳುತ್ತಿದ್ದಿತು. ಕದ ಹಾಕಿದ ಅಂಗಡಿಯಲ್ಲಿ ಯಾರನ್ನೂ ದುಡಿಸಿಕೊಳ್ಳುವುದು ಸುಲಭವಲ್ಲ. ಸರದಿಯ ಬಿಡುವಿಗೆ ಆ ರಕ್ಷಣೆಯಿಲ್ಲ. ಅದು ಪಟ್ಟಿಯಲ್ಲಿ ಮಾತ್ರ ಬದುಕಿರುತ್ತದೆ. ಚಿಕ್ಕಪೇಟೆಯ ಸಂದುಗೊಂದುಗಳ ಸಣ್ಣ ಅಂಗಡಿಗಳು ಈ ಅನುಮತಿಯ ವ್ಯಾಪ್ತಿಗೆ ಬರುವುದಿಲ್ಲವಾದುದರಿಂದ ಅಲ್ಲಿ ಹಳೆಯ ಭಾನುವಾರವು ಬಹುಮಟ್ಟಿಗೆ ಉಳಿದುಕೊಂಡಿದೆ. ದೊಡ್ಡ ಮಳಿಗೆಯಲ್ಲಿ ಸೀರೆಯನ್ನು ಕೊಳ್ಳುವವರು ಒಳಹೊಕ್ಕಾಗ ಆ ಪಟ್ಟಿಯು ಗೋಡೆಯ ಮೇಲಿದೆಯೇ, ಅದರಲ್ಲಿ ಇಂದಿನ ತಾರೀಖಿದೆಯೇ ಎಂದು ಒಮ್ಮೆ ನೋಡಬಹುದು. ಇಲ್ಲದಿದ್ದರೆ ಎಲ್ಲಿದೆಯೆಂದು ಕೇಳಲೂಬಹುದು.